ಗುಡ್ಡ ಮರಕಾಲ ಆರಿಸಿದ ಚೂರಿ

ಹಗ್ಗ ಓಡತೊಡಗಿದರೆ ಗುಡ್ಡ ಮರಕಾಲ ಕಾಲ್ಬೆರಳುಗಳನ್ನು ಒಳಕ್ಕೆ ಮಡಚಿಕೊಳ್ಳುತ್ತಿದ್ದ. ಅದರಿಂದ ಲಾಭವೇನೂ ಇರಲಿಲ್ಲ. ಅಲುಗುವ ದೋಣಿಯಲ್ಲಿ ನಿಲ್ಲುವುದು ಇನ್ನಷ್ಟು ಕಷ್ಟವಾಗುತ್ತಿತ್ತು, ಅಷ್ಟೆ. ಆದರೆ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಹೆದರಿಕೆ ಮೊದಲು ಬಂದು ಕೂರುತ್ತಿದ್ದುದೇ ಅಲ್ಲಿ.

ಬೀಜಾಡಿಯಲ್ಲಿ ಅವರ ತಂಡ ರಂಪಣಿ ಬಲೆ ಬಿಡುತ್ತಿದ್ದುದು ಹೀಗೆ: ಬಲೆಯ ಒಂದು ತುದಿಯ ಹಗ್ಗವನ್ನು ದಡದವರ ಕೈಗೆ ಕೊಟ್ಟು ದೋಣಿ ನೀರಿಗಿಳಿಯುವುದು. ಎಂಟು ಜನ ಹುಟ್ಟು ಹಾಕುವರು. ನಡುವಿನ ಹಲಗೆಯ ಮೇಲೆ ನಿಂತ ಒಬ್ಬನು ರಾಶಿ ಹಾಕಿದ ಬಲೆಯನ್ನೂ ಹಗ್ಗವನ್ನೂ ನೀರಿಗೆ ಬಿಡುತ್ತಾ ಹೋಗುವನು. ದೋಣಿ ಅರ್ಧಚಂದ್ರದ ಹಾಗೆ ಸುತ್ತಿ ದಡ ಸೇರಿದ ಮೇಲೆ ಎರಡೂ ಕಡೆಯಿಂದ ಎಳೆತ. ಆ ನಿಂತವನ ಕಾಲಡಿಯಲ್ಲಿ, ಬದಿಯಲ್ಲಿ, ಎಲ್ಲೆಲ್ಲೂ ಹಗ್ಗದ ಸುರುಳಿಗಳು. ಒಂದೊಂದೂ ಊಟದ ತಟ್ಟೆಯಷ್ಟು. ಬಲೆಯ ಭಾರಕ್ಕೆ ಒಂದರ ಹಿಂದೊಂದು ಬಿಚ್ಚಿಕೊಂಡು ಸರ್ರನೆ ಹಾರಿಹೋಗುವವು. ಅಂಥ ಒಂದು ಸುರುಳಿಯೊಳಗೆ ಕಾಲಿಟ್ಟವನೂ ಅದರ ಜೊತೆಗೇ ಹೋಗುವನು.

ಅವನ ಅಣ್ಣ ಮಂಜ ಹೋದದ್ದು ಹಾಗೆ, ೧೯೬೨ರಲ್ಲಿ, ನವರಾತ್ರಿ ಕಳೆದ ವಾರ, ಹಗಲು ಹತ್ತು ಗಂಟೆಯ ಬಿಸಿಲಿನಲ್ಲಿ. ಗುಡ್ಡ ಎರಡನೆಯ ಹುಟ್ಟಿನಲ್ಲಿದ್ದ. ಕೂಗು ಕೂಡ ಕೇಳಲಿಲ್ಲ. ತಲೆಯೆತ್ತಿದಾಗ ಹಲಗೆ ಖಾಲಿಯಿತ್ತು. ದೋಣಿಯಲ್ಲಿದ್ದದ್ದು ಒಂದೇ ಕತ್ತಿ. ಅದು ತಂಡದ ಯಜಮಾನ, ತಾಂಡೇಲ ಕೊರಗನ ಕಾಲಡಿಯ ಹಲಗೆಯ ಕೆಳಗಿತ್ತು. ಅದು ಕೈಯಿಂದ ಕೈಗೆ ದಾಟಿ ಬರುವಷ್ಟರಲ್ಲಿ ಹಗ್ಗ ಹತ್ತು ಮಾರು ಇಳಿದಿತ್ತು.

ದಡಕ್ಕೆ ಎಳೆದಾಗ ಬಲೆಯ ಜೊತೆ ಮಂಜನೂ ಬಂದ. ಅವನ ಬಲಗೈ ಮುಷ್ಟಿಯಾಗಿತ್ತು. ಬಿಡಿಸಿದವನು ಗುಡ್ಡನೇ. ಒಳಗೆ ಒಂದು ಮಡಚುವ ಚಾಕು. ಬೊಂಬಾಯಿಯ ಹೋಟೆಲಿನಲ್ಲಿದ್ದ ಭಾವ, ಅಕ್ಕ ಜಲಜಳ ಗಂಡ, ಊರಿಗೆ ಬಂದಾಗ ಕೊಟ್ಟದ್ದು. ಅದು ಮಡಚಿಯೇ ಇತ್ತು. ಉಪ್ಪುನೀರಿಗೆ ಕೀಲು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಣ್ಣನ ಎಡಗೈ ಹೆಬ್ಬೆರಳಿನ ಉಗುರು ಬುಡದವರೆಗೆ ಸೀಳಿತ್ತು.

ಗುಡ್ಡ ಆ ಚಾಕನ್ನು ಯಾರಿಗೂ ತೋರಿಸದೆ ಮರಳಿನಲ್ಲಿ ಹೂತ. "ಕಾಲ ಬಂದಿತ್, ಹೋದ" ಎಂದಿತು ಊರು. ಕಾಲ ಬಂದದ್ದಲ್ಲ, ಒಂದು ಕೀಲು ತಿರುಗದೆ ಹೋದದ್ದು ಎಂದು ಗೊತ್ತಿದ್ದವನು ತಾನೊಬ್ಬನೇ ಎಂದು ಅವನು ತಿಳಿದಿದ್ದ.

ತಿಳಿದದ್ದನ್ನು ಹೇಳುವ ಹಾಗೂ ಇರಲಿಲ್ಲ. ಆ ತಂಡದಲ್ಲಿ ಹಗ್ಗದ ಸಾವನ್ನು ಬಾಯಲ್ಲಿ ತರಬಾರದು. ಮಳೆ ನಿಂತು ಕಡಲಿಗೆ ತೆಂಗಿನಕಾಯಿ ಬಿಟ್ಟ ದಿನದಿಂದ ಮುಂದಿನ ಮಳೆಯವರೆಗೆ ಆ ಕಟ್ಟು. ಹೇಳಿದರೆ ಕರೆದ ಹಾಗೆ. ಹೇಳಿದವನು ಅಂದು ದೋಣಿ ಹತ್ತುವಂತಿಲ್ಲ. ಇನ್ನೊಂದು ಕಟ್ಟೂ ಇತ್ತು: ಸತ್ತವನ ಜಾಗ ತಮ್ಮನಿಗೆ. ಹನ್ನೆರಡನೆಯ ದಿನ ಕಳೆದು ಗುಡ್ಡ ಅದೇ ಹಲಗೆಯ ಮೇಲೆ ನಿಂತ. ಆಗ ಅವನಿಗೆ ಇಪ್ಪತ್ತಮೂರು.

ಅಂದಿನಿಂದ ದಡದಲ್ಲಿಯೂ ಹಗ್ಗ ಕಂಡರೆ ಸುತ್ತು ಬಳಸಿ ನಡೆಯುವವನಾದ. ಕೊಟ್ಟಿಗೆಯ ದನದ ಕಣ್ಣಿ, ಬಾವಿಯ ಹಗ್ಗ, ನೆರೆಮನೆಯ ತೊಟ್ಟಿಲಿನ ಹಗ್ಗ, ಯಾವುದನ್ನೂ ದಾಟುತ್ತಿರಲಿಲ್ಲ. ಕೆರೆಯಲ್ಲಿ ಮೀಯುವಾಗ ಮುಳುಗಿ ಉಸಿರು ಕಟ್ಟಿ ಎಣಿಸುತ್ತಿದ್ದ. ಐವತ್ತಕ್ಕೆ ಎದೆ ಒಡೆಯುವ ಹಾಗಾಗುತ್ತಿತ್ತು. ಐವತ್ತೊಂದು ಎಂದೂ ಆಗಲಿಲ್ಲ.

ನಾಲ್ಕು ವರ್ಷದ ಮೇಲೆ ತಂಡ ನೈಲಾನ್ ತಂದಿತು. ಹಗುರ, ಕೊಳೆಯುವುದಿಲ್ಲ, ಒಣಗಿಸುವ ಕೆಲಸವಿಲ್ಲ ಎಂದು ಎಲ್ಲರಿಗೂ ಸಂತೋಷ. ಗುಡ್ಡ ಒಂದು ತುಂಡನ್ನು ನೀರಲ್ಲಿ ನೆನೆಸಿ ತಾಂಡೇಲನ ಕತ್ತಿಯನ್ನು ಅದರ ಮೇಲೆ ಎಳೆದು ನೋಡಿದ. ಕತ್ತಿ ಜಾರಿತು. ಮತ್ತೆ ಎಳೆದ. ಮತ್ತೆ ಜಾರಿತು. ಹಳೆಯ ನೂಲಿನ ಹಗ್ಗ ಕತ್ತಿ ತಾಗಿದಲ್ಲಿ ಬಾಯಿ ಬಿಡುತ್ತಿತ್ತು. ಇದು ಬಿಳಿ ಹಲ್ಲು ಕಿರಿದ ಹಾಗೆ ಹೊಳೆಯುತ್ತ ಸುಮ್ಮನಿತ್ತು.

ಅಂದೇ ನಿಶ್ಚಯಿಸಿದ: ಒಂದು ಚೂರಿ ಬೇಕು. ಮಡಚುವುದಲ್ಲ. ಸದಾ ತೆರೆದೇ ಇರುವುದು, ಸಣ್ಣದು, ಸೊಂಟದಲ್ಲಿ ಇರುವುದು. ದೋಣಿಯಲ್ಲಿ ಮಾತ್ರವಲ್ಲ, ಉಣ್ಣುವಾಗ, ಪೇಟೆಗೆ ಹೋಗುವಾಗ, ಬಲೆ ತೇಪೆ ಹಾಕುವಾಗ. ಕೈಗೆ ಅದರ ದಾರಿ ಗೊತ್ತಿರಬೇಕಲ್ಲ.

ಕುಂದಾಪುರದ ಪೇಟೆಯಲ್ಲಿ ಪಾತ್ರೆ, ಕತ್ತರಿ ಮಾರುವ ಅಂಗಡಿಯವರು ಕೇಳಿದರು, "ಎಂತ ಕೊಯ್ಯುಕೆ?"

ನಾಲಿಗೆಯ ತುದಿಗೆ 'ಹಗ್ಗ' ಬಂತು. ನುಂಗಿದ. "ಹಣ್ಣ್."

"ಯಾವ ಹಣ್ಣ್?"

"ಮಾಯಿನ್ ಹಣ್ಣ್."

"ಈಗ ಎಲ್ಲಿತ್ತ್ ಮಾರಾಯ ಮಾಯಿನ್ ಹಣ್ಣ್? ಮರ ಹೂ ಬಿಡುಕೂ ಇನ್ನೆರ್ಡ್ ತಿಂಗ್ಳಿತ್ತ್."

ಆದರೂ ಅವರು ಹಣ್ಣಿನ ಚೂರಿಯನ್ನೇ ಕೊಟ್ಟರು. ತೆಳ್ಳಗೆ, ಹೊಳೆಹೊಳೆಯುವಂಥದ್ದು. ಮನೆಯ ಹಿಂದೆ ತೆಂಗಿನ ಮರಕ್ಕೆ ಒದ್ದೆ ನೈಲಾನ್ ಸುತ್ತಿ ಕೊಯ್ದಾಗ ಅದರ ಅಲಗು ಬಾಗಿ, ಜಾರಿ, ಅವನ ಬೆರಳನ್ನೇ ಕೊಯ್ದಿತು. ಗಂಡ ಬೊಂಬಾಯಿಯಲ್ಲಿದ್ದುದರಿಂದ ತವರಿನಲ್ಲೇ ಇದ್ದ ಜಲಜ ಬಾಗಿಲಲ್ಲಿ ನಿಂತು ನೋಡಿದಳು.

"ಇದೆಂತದಾ? ಮುಖ ಕಾಂಬುಕಾ, ಕೊಯ್ಯುಕಾ?" ಎಂದು ಅದನ್ನು ಕಸಿದುಕೊಂಡು ಹೋಗಿ ನೀರುಳ್ಳಿ ಹೆಚ್ಚಿದಳು.

ಮುಂದಿನ ವಾರ ಬ್ರಹ್ಮಾವರದ ಸಂತೆ. ನೆಲದ ಮೇಲೆ ಗೋಣಿ ಹಾಸಿ ಕತ್ತಿಗಳನ್ನು ಹರವಿಕೊಂಡಿದ್ದ ಹೆಂಗಸೂ ಅದನ್ನೇ ಕೇಳಿದಳು. ಈ ಸಲ ಅವನು "ತೆಂಗಿನ ಮಡ್ಲ್" ಎಂದ. ಅವಳು ಮೊಳದುದ್ದದ ಕತ್ತಿ ಎತ್ತಿದಳು.

"ಸಣ್ದ್ ಇಲ್ಯಾ? ಸೊಂಟಕ್ಕ್ ಸಿಕ್ಕಿಸ್ಕಂಬಂಥದ್ದ್?"

"ಮಡ್ಲ್ ಕೊಯ್ಯುಕೆ ಸಣ್ದಾ? ಎಂತಾ, ಹೆಂಡ್ತಿಗ್ ಹೆದ್ರಿ ಅಡ್ಗಿಸಿಡುಕಾ?"

ಸುತ್ತಲಿನವರು ನಕ್ಕರು. ಮದುವೆಯಾಗದ ಗುಡ್ಡ ಕಿವಿ ಕೆಂಪಾಗಿ, ಇದ್ದುದರಲ್ಲಿ ಗಿಡ್ಡದೊಂದನ್ನು ಹಿಡಿದುಕೊಂಡು ಬಂದ. ಅದನ್ನು ಕಟ್ಟಿಕೊಂಡು ಬಾಗಿದರೆ ಹೊಟ್ಟೆಗೆ ಒತ್ತುತ್ತಿತ್ತು. ಗಡಿಬಿಡಿಯಲ್ಲಿ ಎಳೆದು ನೋಡಿದಾಗ ಮೊನೆ ತೊಡೆಯಲ್ಲಿ ಎರಡು ಬೆರಳುದ್ದದ ಗೆರೆ ಬರೆಯಿತು. ರಕ್ತ ಕಂಡಾಗ ಅವನಿಗೆ ಹೊಸ ಭಯವೊಂದು ಹುಟ್ಟಿತು. ನೀರಿನಡಿಯಲ್ಲಿ, ಕಣ್ಣು ಕಾಣದ ಕಡೆ, ತನ್ನನ್ನೇ ತಾನು ಇರಿದುಕೊಂಡರೆ?

"ಹಣ್ಣಿಗ್ ಒಂದಾಯ್ತ್, ಮಡ್ಲಿಗ್ ಒಂದಾಯ್ತ್. ಇನ್ನ್ ಹಲ್ಸಿನ ಕಾಯಿಗ್ ಒಂದ್ ತಾ" ಎಂದಳು ಜಲಜ. ಆದರೆ ಗಾಯಕ್ಕೆ ಅರಸಿನ ಒತ್ತುವಾಗ ಅವಳು ನಗುತ್ತಿರಲಿಲ್ಲ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಹಗ್ಗ ಅವನನ್ನೇ ಮುಟ್ಟಿತು. ಬಲೆ ಅರ್ಧ ಇಳಿದಿತ್ತು. ಗಾಳಿ ತಿರುಗಿ ದೋಣಿ ವಾಲಿದಾಗ ಅವನು ಒಂದು ಹೆಜ್ಜೆ ಹಿಂದಿಟ್ಟ. ಇಟ್ಟದ್ದು ಸುರುಳಿಯೊಳಗೆ. ಎಡಗಾಲಿನ ಹರಡಿನ ಸುತ್ತ ಬೆಂಕಿ ಹರಿದ ಹಾಗಾಯಿತು. ಹಗ್ಗ ಬಿಗಿದುಕೊಳ್ಳುವ ಮೊದಲೇ ಇನ್ನೊಂದು ಅಲೆ ದೋಣಿಯನ್ನು ಎತ್ತಿ ಕುಕ್ಕಿ, ಅವನು ಬಿದ್ದು, ಕಾಲು ಹೊರಗೆ ಬಂತು. ಅಷ್ಟೆ. ಎರಡು ಉಸಿರಿನ ಹೊತ್ತು. ಎದುರು ಹುಟ್ಟಿನಲ್ಲಿದ್ದ ಕಿಟ್ಟ, ಅವನ ಓರಗೆಯವನು, ನೋಡಿದ. ಬಿಳಿಚಿಕೊಂಡ ಮುಖವನ್ನು ಬೇರೆಡೆಗೆ ತಿರುಗಿಸಿದ. ಅವನೂ ಒಂದು ಮಾತು ಆಡಲಿಲ್ಲ. ಆಡುವ ಹಾಗಿರಲಿಲ್ಲವಲ್ಲ.

ಮನೆಗೆ ಬಂದ ಗುಡ್ಡ ಪಂಚೆಯನ್ನು ಹಿಮ್ಮಡಿಯವರೆಗೆ ಇಳಿಬಿಟ್ಟು ಕೂತ. ಗಂಜಿ ಬಡಿಸಲು ಬಗ್ಗಿದ ಜಲಜಳಿಗೆ ಅದು ಕಂಡಿತು: ಚರ್ಮ ಸುಲಿದು, ಬಳೆ ತೊಡಿಸಿದ ಹಾಗೆ ಕೆಂಪು. ಅವಳು ಸೌಟು ಕೆಳಗಿಟ್ಟಳು. ಕಾಲಿನಿಂದ ಕಣ್ಣು ತೆಗೆಯದೆ ಹೇಳಿದಳು:

"ಹಾಲಾಡಿಗ್ ಹೋಗ್. ಗೋವರ್ಧನ ಆಚಾರ್ರ್ ಇದ್ರ್. ನಾ ಅವ್ರ ಮನಿಗೂ ಮೀನ್ ಕೊಡ್ತೆ. ಅವ್ರ್ ಕಡ್ಲ್ ಕಂಡವ್ರಲ್ಲ. ಅವ್ರ್ ಹತ್ರ ಹೇಳುಕ್ ಅಡ್ಡಿಲ್ಲ."

"ಎಂತ ಹೇಳುಕೆ?"

"ಅಣ್ಣನ ಉಗ್ರ್ ನಾನೂ ಕಂಡಿದೆ ಗುಡ್ಡ. ಅವನ್ನ ಮೀಸ್ದವ್ಳ್ ನಾನೇ ಅಲ್ದಾ?"

ನಾಲ್ಕು ವರ್ಷ ಒಂದೇ ಸೂರಿನ ಕೆಳಗೆ ಇಬ್ಬರೂ ಅದನ್ನು ಬೇರೆ ಬೇರೆಯಾಗಿ ಹೊತ್ತುಕೊಂಡಿದ್ದರು.

ಮರುದಿನ ಬಸ್ಸು ಹಿಡಿದು ಹಾಲಾಡಿಗೆ ಹೋದ. ಗೋವರ್ಧನ ಆಚಾರಿಯ ಕುಲುಮೆ ಪೇಟೆಯಿಂದ ಸ್ವಲ್ಪ ಈಚೆ, ಹೆಂಚಿನ ಮಾಡಿನ ಕೆಳಗೆ. ಐವತ್ತು ದಾಟಿದ, ಒಂದು ಹುಬ್ಬು ಕಿಡಿಗೆ ಸುಟ್ಟುಹೋದ ಮನುಷ್ಯ. ಅವರು ತಲೆಯೆತ್ತದೆ ಕೇಳಿದರು, "ಎಂತ ಕೊಯ್ಯುಕೆ?"

"ಮೀನ್."

"ಮೀನ್ ಕೊಯ್ವ ಕತ್ತಿಗ್ ಕಡ್ಲ ಬದಿಯಿಂದ ಹಾಲಾಡಿಗಾ? ನಿಮ್ಮೂರಗೆ ಕತ್ತಿಗ್ ಬರಗಾಲವಾ?" ಈಗ ತಲೆಯೆತ್ತಿದರು. "ಹ್ವಾಯ್, ಕಾಣ್ ಇಲ್ಲಿ. ಸುಳ್ಳಿಗ್ ಅಳತಿ ತೆಗುಕೆ ನಂಗ್ ಬತ್ತಿಲ್ಲ. ಎಂತಕ್ಕಂತ ಹೇಳ್ಕ್. ಇಲ್ದಿದ್ರೆ ಬಸ್ಸ್ ಬಪ್ಪ ಹೊತ್ತಾಯ್ತ್, ಹೋಗ್."

ಗುಡ್ಡ ಹೊರಟ. ನಿಜಕ್ಕೂ ಬಸ್ಸು ನಿಲ್ಲುವ ಕಡೆ ಹೋಗಿ ನಿಂತ. ಬಸ್ಸು ಬಂತು, ಬಾಗಿಲು ಬಡಿದುಕೊಂಡು ಹೋಯಿತು. ಅವನು ಹತ್ತಲಿಲ್ಲ. ತಿರುಗಿ ಬಂದು, ಕುಲುಮೆಯ ಬೆಂಕಿಗೆ ಮುಖ ಮಾಡಿ, ಆಚಾರಿಯ ಮುಖ ನೋಡದೆ ಹೇಳಿದ:

"ಹಗ್ಗ. ಕಾಲಿಗ್ ಸುತ್ಕಂಡ ಹಗ್ಗ. ನೀರಡಿಗೆ."

ಆಕಾಶ ಬೀಳಲಿಲ್ಲ. ತಿದಿ ಉಸ್ಸೆಂದಿತು. ಒಂದು ಸಲ ಹೊರಟ ಮಾತು ನಿಲ್ಲಲಿಲ್ಲ: ಅಣ್ಣ, ಮುಷ್ಟಿ, ಉಗುರು, ಜಾರುವ ನೈಲಾನ್. ಹೇಳುತ್ತ ಹೇಳುತ್ತ ಅವನು ಮರದ ದಿಮ್ಮಿಯ ಮೇಲೆ ಕೂತುಬಿಟ್ಟ.

ಆಚಾರಿ ಅಯ್ಯೋ ಎನ್ನಲಿಲ್ಲ. ಒಂದು ತುಂಡು ಇದ್ದಿಲು ಎತ್ತಿಕೊಂಡು ಕೇಳತೊಡಗಿದರು.

"ಯಾವ ಕಾಲಿಗ್ ಸುತ್ತತ್ತ್?"

"ಹೇಳುಕಾತಿಲ್ಲ."

"ಯಾವ ಕೈ ಖಾಲಿ ಇರತ್ತ್?"

"ಅದೂ ಹೇಳುಕಾತಿಲ್ಲ ಆಚಾರ್ರೆ."

"ಕಣ್ಣ್ ಕಾಣತ್ತಾ?"

"ಮರಳ್ ಕದಡ್ತ್. ಎಂತದೂ ಕಾಂತಿಲ್ಲ."

"ಉಸ್ರ್?"

"ಐವತ್ತ್ ಎಣ್ಸುವಷ್ಟ್."

ಆಚಾರಿ ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆದರು. ಅಲಗು ಅಂಗೈಗಿಂತ ಉದ್ದ ಬೇಡ. ಉದ್ದವಾದರೆ ಹೊಟ್ಟೆಗೆ ಒತ್ತುತ್ತದೆ, ಗಿಡ್ಡವಾದರೆ ಹಗ್ಗ ಹಿಡಿಯುವುದಿಲ್ಲ. ಮೊನೆ ಬೇಡವೇ ಬೇಡ, ತುದಿ ಹೆಬ್ಬೆರಳಿನ ಹಾಗೆ ಮೊಂಡಾಗಿರಲಿ. ಬುಡದಿಂದ ಅರ್ಧದವರೆಗೆ ಪೈರು ಕೊಯ್ಯುವ ಕತ್ತಿಗಿರುವಂಥ ಸಣ್ಣ ಹಲ್ಲು, ಉಳಿದರ್ಧ ನುಣುಪು. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯ ಕಬ್ಬಿಣ, ಹಿಡಿಯ ಕೊನೆಯವರೆಗೆ ಒಂದೇ ತುಂಡು. ಹಿಡಿಗೆ ಮರ, ಮರದ ಮೇಲೆ ಬಿಗಿಯಾಗಿ ಸುತ್ತಿದ ದಾರ, ಮೀನೆಣ್ಣೆಯ ಕೈ ಜಾರದ ಹಾಗೆ.

"ತುಕ್ಕ್ ಹಿಡೀತಲೆ ಆಚಾರ್ರೆ?"

"ಹಿಡೀಲಿ. ವಾರಕ್ಕೊಂದ್ ಸಲ ಎಣ್ಣಿ ಪಸೆ ಮಾಡ್. ನೀ ಮರ್ತ್ರೂ, ಬಿಚ್ಚುಕೆ ಇದ್ರಗೆ ಕೀಲ್ ಎಲ್ಲಿತ್ತ್ ಹೇಳ್?"

ಗುಡ್ಡನ ಕಣ್ಣು ತುಂಬಿತು. ಬೆಂಕಿಯ ಹೊಗೆ ಎಂಬಂತೆ ಒರೆಸಿಕೊಂಡ.

ನಾಲ್ಕು ದಿನ ಬಿಟ್ಟು ಹೋದಾಗ ಚೂರಿ ಆಗಿತ್ತು, ಮರದ ಒರೆಯೂ ಆಗಿತ್ತು. ಆಚಾರಿ ಅದನ್ನು ಕೈಗೆ ಕೊಡಲಿಲ್ಲ. ಒರೆಯನ್ನು ಅವನ ಬಲ ಸೊಂಟಕ್ಕೆ ಕಟ್ಟಿಸಿದರು. ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಕಟ್ಟಿದರು. ಒದ್ದೆ ನೈಲಾನನ್ನು ಅವನ ಕಾಲಿಗೆ ಬಿಗಿದು, "ಉಸ್ರ್ ಕಟ್ಟ್" ಎಂದವರೇ ಅಂಗಳದುದ್ದಕ್ಕೂ ದರದರ ಎಳೆದರು.

ಅಂಗಳದ ಮಣ್ಣೇ ಕಡಲಾಯಿತು. ಗುಡ್ಡನಿಗೆ ಮೇಲು ಕೆಳಗು ಮರೆತುಹೋಯಿತು. ಬಲಮಗ್ಗುಲಿಗೆ ಹೊರಳಿದ್ದರಿಂದ ಬಲಗೈ ಮೈಯಡಿಗೆ ಸಿಕ್ಕಿಕೊಂಡಿತು; ಎಡಗೈ ಸೊಂಟ ತಡಕಿತು, ತಲುಪಲಿಲ್ಲ. ಅವನು ಬಾಯಿ ತೆರೆದು ಚೀರಿದ.

"ಸತ್ತೆ ನೀ" ಎಂದರು ಆಚಾರಿ, ಹಗ್ಗ ಸಡಿಲಿಸಿ. ಅದರಲ್ಲಿ ಹಾಸ್ಯವಿರಲಿಲ್ಲ. ಒರೆಯನ್ನು ಬಿಚ್ಚಿ ಹೊಟ್ಟೆಯ ನಡುವಿಗೆ, ಹೊಕ್ಕುಳಿನ ಕೆಳಗೆ ಅಡ್ಡವಾಗಿ ಕಟ್ಟಿದರು. ಈಗ ಯಾವ ಕೈಗಾದರೂ ಸಿಗಬೇಕು.

ಎರಡನೆಯ ಸಲ ಹಗ್ಗ ಸಿಕ್ಕಿತು, ಕೊಯ್ದದ್ದು ಎಣಿಕೆ ಅರವತ್ತಾದಾಗ. "ಈಗ್ಳೂ ಸತ್ತೆ." ಆರನೆಯ ಸಲ ಮೂವತ್ತನಾಲ್ಕು. ಗುಡ್ಡ ಮೊಣಕೈ ಸುಲಿದು, ಬಾಯಿತುಂಬ ಮಣ್ಣಾಗಿ ಎದ್ದು ಕೂತ. ಆಚಾರಿಯ ಹೆಂಡತಿ ಜಗಲಿಯಿಂದ ಕೇಳಿದರು, "ಎಂತ ಇದ್, ಮೀನ್ ಮಾರುವವ್ಳ ತಮ್ಮನ್ನ ಕೊಲ್ತ್ರಿಯಾ?" ಆಚಾರಿ ಏದುಸಿರು ಬಿಡುತ್ತಿದ್ದರು. "ಅಲ್ಲ ಕಾಣ್, ಉಳ್ಸುಕಾತ್ತಾ ಕಾಂಬ ಅಂತ."

ಬಸ್ಸಿನಲ್ಲಿ ಕೂತವನಿಗೆ ಹೆದರಿಕೆ ಕಡಿಮೆಯಾಗಿರಲಿಲ್ಲ. ಎರಡೆರಡು ನಿಮಿಷಕ್ಕೆ ಹೊಟ್ಟೆ ಮುಟ್ಟಿಕೊಂಡ.

ಮರುದಿನ ದಡದಲ್ಲಿ ದೋಣಿ ನೂಕುವ ಹೊತ್ತಿಗೆ ಮೊದಲು ನೋಡಿದವನು ಕಿಟ್ಟ. "ಹ್ವಾಯ್, ಕಾಣಿನಾ! ಗುಡ್ಡ ಹೊಕ್ಳಿಗ್ ಬೀಗ ಹಾಯ್ಕಂಡಿದ!"

ಎಲ್ಲರೂ ನಕ್ಕರು. ತಾಂಡೇಲ ಕೊರಗ ನಗಲಿಲ್ಲ. ಅರವತ್ತರ ಮುದುಕ, ಗುಡ್ಡನ ಅಬ್ಬೆಯ ಕಡೆಯಿಂದ ಮಾವನಾಗಬೇಕು. ಹತ್ತಿರ ಬಂದು ಒರೆಯನ್ನು ಬೆರಳಿನಿಂದ ತಟ್ಟಿ ಕೇಳಿದ, "ಎಂತ ಕೊಯ್ಯುಕಾ ಇದ್?"

ಹಣ್ಣು ಎನ್ನಬಹುದಿತ್ತು. ಮೀನು ಎನ್ನಬಹುದಿತ್ತು. ಎಲ್ಲರೂ ಆ ಸುಳ್ಳನ್ನು ಒಪ್ಪಿಕೊಂಡು ದೋಣಿ ಹತ್ತುತ್ತಿದ್ದರು. ಆದರೆ ಸುಳ್ಳು ಹೇಳಿ ತಂದ ಎರಡು ಚೂರಿಗಳು ಅಡಿಗೆಮನೆಯಲ್ಲಿ ಬಿದ್ದಿದ್ದವು.

"ಹಗ್ಗ, ಮಾವ. ಕಾಲಿಗ್ ಸುತ್ಕಂಡ್ರೆ ಕೊಯ್ಯುಕೆ. ಹಾಲಾಡಿ ಆಚಾರ್ರ್ ಮಾಡಿ ಕೊಟ್ಟದ್ದ್. ಅಣ್ಣನ ಕೈಯಗೂ ಚಾಕು ಇದ್ದಿತ್. ಮಡ್ಚದ್ದ್. ಬಿಚ್ಚುಕಾಯ್ಲಿಲ್ಲ. ಅದ್ಕೇ ಸತ್ತ."

ನಗು ಅಲ್ಲಲ್ಲೇ ಸತ್ತಿತು. ಒಬ್ಬ ಹಿಂದೆ ಸರಿದು ಮರಳಿಗೆ ಉಗುಳಿದ. ತಾಂಡೇಲನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು.

"ಇವತ್ತ್ ನೀ ಹತ್ತುಕಾಗ" ಎಂದ. "ಕಿಟ್ಟ, ಹಲ್ಗಿ ಮೇಲ್ ನೀ ನಿಲ್ಲ್."

ಗುಡ್ಡ ಒರೆ ಬಿಚ್ಚಿ ಕಿಟ್ಟನ ಮುಂದೆ ಹಿಡಿದ. ಕಿಟ್ಟ ಅದನ್ನು ನೋಡಿದ, ತಾಂಡೇಲನನ್ನು ನೋಡಿದ. ಅದನ್ನು ತೆಗೆದುಕೊಂಡರೆ ಅವನೂ ಹೇಳಿದಂತೆಯೇ. ಕೈ ಹಿಂದೆ ಕಟ್ಟಿಕೊಂಡು ದೋಣಿಯ ಕಡೆ ನಡೆದ.

ನಾಲ್ಕು ವರ್ಷದಲ್ಲಿ ಮೊದಲ ಸಲ ಗುಡ್ಡ ಬಲೆ ಬಿಡುವುದನ್ನು ದಡದಿಂದ ನೋಡಿದ. ತನ್ನ ಕಾಲು ಗಟ್ಟಿ ನೆಲದ ಮೇಲಿತ್ತು, ಹೊಟ್ಟೆಯ ಮೇಲೆ ಮತ್ತೆ ಕಟ್ಟಿಕೊಂಡ ಚೂರಿಯಿತ್ತು. ಅಂಥ ಭಯ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಅಲ್ಲಿ ಒಂಬತ್ತು ಸೊಂಟಗಳು ಬರಿದಾಗಿದ್ದವು. ತಾಂಡೇಲನ ಕಾಲಡಿಯಲ್ಲಿ ಮಾತ್ರ ಒಂದು ಕತ್ತಿ, ಜಾರುವ ಕತ್ತಿ. ತಾನು ಹೇಳಿದ್ದರಿಂದಲೇ ಆದರೆ? ಕರೆದದ್ದು ತಾನೇ ಆದರೆ?

ಮೀನಿನ ಬುಟ್ಟಿ ಹಿಡಿದು ಬಂದ ಜಲಜಳಿಗೆ ಯಾರೋ ಎಲ್ಲ ಹೇಳಿದ್ದರು. ಅವಳು ಬುಟ್ಟಿ ಕೆಳಗಿಟ್ಟು ತಮ್ಮನ ಪಕ್ಕದಲ್ಲಿ ನಿಂತಳು.

ದೂರದಲ್ಲಿ ದೋಣಿ ತಿರುವಿಗೆ ಬಂತು. ಹಲಗೆಯ ಮೇಲೆ ಕಿಟ್ಟ ಕಡ್ಡಿಯ ಹಾಗೆ ಕಾಣುತ್ತಿದ್ದ. ಒಂದು ಅಲೆ ಎದ್ದಿತು. ಅಲೆ ಇಳಿದಾಗ ಹಲಗೆಯ ಮೇಲೆ ಯಾರೂ ಇರಲಿಲ್ಲ.

ಗುಡ್ಡ ನೀರಿಗೆ ಓಡಿದ. ಸೊಂಟದವರೆಗೆ, ಎದೆಯವರೆಗೆ. ಅಷ್ಟು ದೂರ ಈಜಲು ಸಾಧ್ಯವಿಲ್ಲವೆಂದು ಗೊತ್ತಿದ್ದೂ ಓಡಿದ. ಬಾಯಿ ತನ್ನಷ್ಟಕ್ಕೆ ಎಣಿಸುತ್ತಿತ್ತು. ಏಳು. ಎಂಟು. ಒಂಬತ್ತು. ಹಿಂದೆ ಅಕ್ಕ ಅವನ ಹೆಸರು ಕೂಗುತ್ತಿದ್ದಳು. ಹದಿನಾಲ್ಕಕ್ಕೆ ಆ ಕಡ್ಡಿ ಮತ್ತೆ ಎದ್ದು ನಿಂತಿತು. ಕಿಟ್ಟ ಬಿದ್ದಿದ್ದನೋ, ಗಂಟು ಬಿಡಿಸಲು ಬಗ್ಗಿದ್ದನೋ. ದೋಣಿ ತಿರುಗಿ ದಡದ ಕಡೆ ಬಂತು.

ಅಂದು ಬೂತಾಯಿ ಮೀನು ಚೆನ್ನಾಗಿ ಬಿದ್ದಿತ್ತು. ಗುಡ್ಡನೂ ದಡದವರ ಜೊತೆ ಬಲೆ ಎಳೆದ. ಯಾರೂ ಬೇಡವೆನ್ನಲಿಲ್ಲ. ಪಾಲು ಹಂಚಿ ಜನ ಚದುರಿದ ಮೇಲೆ ಕಿಟ್ಟ ಒದ್ದೆ ಮೈಯಲ್ಲೇ ಬಂದು, ಎರಡು ಮಾರು ದೂರದಲ್ಲಿ ಮರಳಿನ ಮೇಲೆ ಕೂತ. ಮೊಣಕಾಲು ತಬ್ಬಿಕೊಂಡ. ಕಡಲನ್ನು ನೋಡುತ್ತಲೇ ಕೇಳಿದ:

"ಆ ಆಚಾರ್ರ ಮನಿ ಹಾಲಾಡಗೆ ಎಲ್ಲಿ?"

"ಪೇಟಿಂದ ಒಂಚೂರ್ ಈಚೆ. ಹೆಂಚಿನ ಮಾಡ್."

"ಹೋದ ಕೂಡ್ಲೆ ಮಾಡಿ ಕೊಡ್ತ್ರಾ?"

"ಎಂತಕ್ಕಂತ ಹೇಳ್ಕ್. ಹೇಳ್ದಿದ್ರೆ ಮಾಡ್ತ್ರಿಲ್ಲ."

ಕಿಟ್ಟ ಒಂದು ಹಿಡಿ ಮರಳು ತೆಗೆದು ಬೆರಳ ಸಂದಿನಿಂದ ಸೋರಬಿಟ್ಟ. ಮತ್ತೊಂದು ಹಿಡಿ ತೆಗೆದ.

"ನೀನೂ ಬಾ" ಎಂದ. "ನಾಳೆ ಬೆಳ್ಗಿನ ಬಸ್ಸಿಗ್ ಹೋಪ. ನನ್ನ್ ಬಾಯಗೆ ಬತ್ತಿಲ್ಲ ಮಾರಾಯ. ನೀನೇ ಹೇಳ್."